ಲಸಿಕೆಯ ಪರೀಕ್ಷೆಯೂ ಸಮ್ಮತಿಯೂ: ಸಂಸದೀಯ ಸಮಿತಿಯ ವರದಿಯೊಂದರ ವಿಮರ್ಶೆ

ಗರ್ಭಕಂಠದ ಅರ್ಬುದರೋಗಕ್ಕೆ ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್ಸು ಕಾರಣವೆಂಬುದು ಸಿದ್ಧವಾದ ವಿಷಯ. ಆ ಸೋಂಕನ್ನು ತಡೆಯುವ ಲಸಿಕೆಯನ್ನು 2009ರಲ್ಲಿ ಪಾಥ್ ಎಂಬ ಅಮೆರಿಕದ ಸಂಸ್ಥೆಯು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೊಡನೆ ಕೂಡಿ, ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಬಾಲಿಕೆಯರಿಗೆ ಹಾಕಿಸಿತು. 2010ರ ಏಪ್ರಿಲಿನಲ್ಲಿ ಸರ್ಕಾರವು ಅದನ್ನು ನಿಲ್ಲಿಸಿತು. ಈ ಪ್ರಕರಣವನ್ನು ಕುರಿತು ಸಂಸತ್ತಿನ ಆರೋಗ್ಯ ಸ್ಥಾಯೀಸಮಿತಿಯು 2013ರ ಆಗಸ್ಟಿನಲ್ಲಿ ಮಂಡಿಸಿದ 72ನೆಯ ವರದಿಯೇ ಇಲ್ಲಿ ವಿಮರ್ಶಾವಿಷಯವು.

ವರದಿಯ ಮೊದಲನೆಯ ಗುಣವು ಶಬ್ದಪರಿಶೀಲನೆ. ಕಾರ್ಯವನ್ನು ನಡೆಸಿದವರು ಅದಕ್ಕೆ ‘ಪ್ರಾತ್ಯಕ್ಷಿಕೆ’ಯೆಂದು ಹೆಸರಿಟ್ಟಿದ್ದರು; ಲಸಿಕೆಗಳಿಗೆ ಪರವಾನಗಿ ಮೊದಲೇ ದೊರೆತಿದ್ದುದರಿಂದ ಇದು ಪರೀಕ್ಷೆಯಲ್ಲವೆಂಬುದು ಅವರ ವಾದ. ಸಮಿತಿಯಾದರೋ, ಮನುಷ್ಯರ ಮೇಲೆ ಔಷಧವನ್ನು ಪ್ರಯೋಗಿಸಿ ನಡೆಸಿದ ಅಧ್ಯಯನವಾದಕಾರಣ ಇದು ಪರೀಕ್ಷೆಯೇ ಎಂದು ನಿರ್ಣಯಿಸಿತು. ನಾಮಭೇದಮಾತ್ರದಿಂದ ವಸ್ತುಭೇದವುಂಟಾಗದಾದುದರಿಂದ ಈ ನಿರ್ಣಯವು ಯುಕ್ತವೇ ಸರಿ. ಪರೀಕ್ಷೆಯೆಂದು ಒಪ್ಪಿದೊಡನೆ ತಿಳುವಳಿಕೆಯಿಂದ ಕೂಡಿದ ಸಮ್ಮತಿ, ತೊಂದರೆಗಳ ದಾಖಲೆ, ಪರಿಹಾರದ ಹೊಣೆ ಇವೆಲ್ಲವೂ ಬಂದೊದಗುತ್ತವೆ.

ಎರಡನೆಯದು ಸಮ್ಮತಿಪತ್ರಗಳ ಎಣಿಕೆ. ಆಂಧ್ರದ 9,543 ಪತ್ರಗಳಲ್ಲಿ 1,948ಕ್ಕೆ ಹೆಬ್ಬೆಟ್ಟಿನ ಗುರುತಿದ್ದಿತು; 2,763ಕ್ಕೆ ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರು ರುಜು ಹಾಕಿದ್ದರು. ಹೆಬ್ಬೆಟ್ಟು ತಾನಾಗಿ ದೋಷವಲ್ಲ. ಓದಲರಿಯದ ತಾಯಿತಂದೆಗಳಿಗೂ ವಿಷಯವನ್ನು ಬಾಯಿಂದ ತಿಳಿಸಬಹುದಷ್ಟೆ. ಮೇಲ್ವಿಚಾರಕರ ರುಜುವಾದರೋ ಬೇರೆಯ ಜಾತಿಯದು. ಅನ್ನವಸತಿಗಳನ್ನು ನೋಡಿಕೊಳ್ಳುವ ಅಧಿಕಾರವು ಪರರ ಮಗಳ ಶರೀರದ ವಿಷಯದಲ್ಲಿ ಒಪ್ಪಿಗೆ ಕೊಡುವ ಅಧಿಕಾರವಾಗಲಾರದು. ಹೀಗಿರಲಾಗಿ ಆ 2,763 ಪತ್ರಗಳನ್ನು ಸಮ್ಮತಿಯೆಂದು ಕರೆಯುವುದು ಹೇಗೆ?

ಆದರೆ ಈ ವರದಿಯನ್ನು ಹಿಡಿದು ವಾದಿಸಿದ ಉಭಯಪಕ್ಷದವರಲ್ಲಿಯೂ ನೈಯಾಯಿಕರು ‘ಅರ್ಥಾಂತರ’ವೆನ್ನುವ ದೋಷವು ಕಾಣುತ್ತದೆ. ಲಸಿಕೆ ಪಡೆದವರಲ್ಲಿ ಏಳು ಮಂದಿ ಬಾಲಿಕೆಯರು ತೀರಿಕೊಂಡರೆಂಬುದನ್ನೇ ಹೇತುವಾಗಿಸಿ ಲಸಿಕೆಯು ಮಾರಕವೆಂದು ಒಂದು ಪಕ್ಷವು ಸಾಧಿಸಹೊರಟಿತು. ಒಬ್ಬಳು ನೀರಿನಲ್ಲಿ ಮುಳುಗಿ, ಒಬ್ಬಳು ಹಾವು ಕಚ್ಚಿ, ಇಬ್ಬರು ಕೀಟನಾಶಕ ಸೇವಿಸಿ, ಒಬ್ಬಳು ಮಲೇರಿಯಾದಿಂದ ಮೃತರಾದರೆಂದು ತನಿಖೆಯಲ್ಲಿ ತಿಳಿದುಬಂದಿತ್ತು. ಉಳಿದಿಬ್ಬರ ವಿಷಯವು ಅಷ್ಟು ಸ್ಪಷ್ಟವಾಗಲಿಲ್ಲ. ಅನಂತರ ನಡೆದದ್ದೆಂಬಮಾತ್ರಕ್ಕೆ ಕಾರ್ಯಕಾರಣಸಂಬಂಧವು ಸಿದ್ಧಿಸುವುದಿಲ್ಲ. ಮತ್ತೊಂದು ಪಕ್ಷವು ಲಸಿಕೆಯ ಗುಣವನ್ನು ತೋರಿಸಿ ಸಮ್ಮತಿಯ ಲೋಪವನ್ನು ಮುಚ್ಚಲೆಳಸಿತು. ಗುಣವು ನಿಜವೇ: 2020ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಅಧ್ಯಯನದಲ್ಲಿ, 17 ವರ್ಷ ತುಂಬುವ ಮೊದಲೇ ಲಸಿಕೆ ಪಡೆದವರಿಗೆ ಈ ಅರ್ಬುದವು ಬರುವ ಸಂಭವವು ಶೇಕಡಾ 88ರಷ್ಟು ಕಡಿಮೆಯಾಗಿ ಕಂಡಿತು. ಆದರೆ ಔಷಧದ ಗುಣವು ಪ್ರಯೋಗವಿಧಿಯ ದೋಷಕ್ಕೆ ಪರಿಹಾರವಲ್ಲ; ಪ್ರಯೋಗವಿಧಿಯ ದೋಷವು ಔಷಧದ ಗುಣಕ್ಕೆ ಬಾಧಕವೂ ಅಲ್ಲ.

2010ರ ಆ ತಡೆಯಾಜ್ಞೆಯಿಂದ, ಅಂತಾರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು ಭಾರತದಲ್ಲಿ ಪ್ರತ್ಯೇಕವಾಗಿ ನಡೆಸುತ್ತಿದ್ದ ಪರೀಕ್ಷೆಯೂ ನಿಂತು, ಸಾವಿರಾರು ಹೆಣ್ಣುಮಕ್ಕಳಿಗೆ ಒಂದೇ ಸಲ ಲಸಿಕೆ ದೊರೆಯಿತು. ಅವರನ್ನು ವರ್ಷಗಟ್ಟಲೆ ಗಮನಿಸಿ 2021ರಲ್ಲಿ ಪ್ರಕಟಿಸಿದ ವರದಿಯು, 16 ಮತ್ತು 18ನೆಯ ಬಗೆಗಳ ಸ್ಥಾಯಿಯಾದ ಸೋಂಕನ್ನು ತಡೆಯುವುದರಲ್ಲಿ ಒಂದು ಸಲದ ಲಸಿಕೆಯ ಸಾಮರ್ಥ್ಯವನ್ನು ಶೇಕಡಾ 95.4 ಎಂದು ತಿಳಿಸಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕಿರಿಯರಿಗೆ ಒಂದೇ ಸಲ ಕೊಟ್ಟರೂ ಸಾಕೆಂದು ಒಪ್ಪಿತು. ಬಡದೇಶಗಳಿಗೆ ಇದರಿಂದಾದ ಉಪಕಾರವು ಅಲ್ಪವಲ್ಲ. ಆ ಹೆಣ್ಣುಮಕ್ಕಳಾದರೋ ಒಂದೇ ಸಲ ಸಾಕೆಂದು ತಾವಾಗಿ ಆರಿಸಿಕೊಂಡವರಲ್ಲ. ಆದಕಾರಣ ಲೋಕವು ಅವರಿಗೆ ಋಣಿಯಾಗಿದೆ. ಮುಂದಿನ ಪರೀಕ್ಷೆಗಳಲ್ಲಿ ಬಾಲಿಕೆಗೂ ಅವಳ ತಾಯಿತಂದೆಗಳಿಗೂ ಅವರ ನುಡಿಯಲ್ಲಿಯೇ ಮೊದಲು ವಿಷಯವನ್ನು ತಿಳಿಸುವುದು ಆ ಋಣವನ್ನು ತೀರಿಸುವ ಮಾರ್ಗವು. ವರದಿಯ ಸಾರವೂ ಇದೇ ಎಂದು ಗ್ರಹಿಸತಕ್ಕದ್ದು.