ಹೆಡ್‌ಲೈಟು, ಕಾನೂನು ಮತ್ತು ಒಂದು ಮಿಲಿಮೀಟರ್

ಬ್ರಿಟನ್ನಿನ ವಾಹನ ದೀಪಗಳ ನಿಯಮಾವಳಿ 1989ರಲ್ಲಿ ಬಂದಿತು. ರಸ್ತೆಯಲ್ಲಿರುವ ಇತರರ ಕಣ್ಣು ಅತಿಯಾಗಿ ಕೋರೈಸುವಂತೆ ಹೆಡ್‌ಲೈಟನ್ನು ಬಳಸಬಾರದು ಎಂದು ಅದರ 27ನೆಯ ನಿಯಮ ಹೇಳುತ್ತದೆ. ಅಲ್ಲಿ ಮೂರು ವರ್ಷ ತುಂಬಿದ ಕಾರುಗಳಿಗೆ ‘ಎಂ.ಒ.ಟಿ.’ ಎಂಬ ವಾರ್ಷಿಕ ತಪಾಸಣೆಯೂ ಉಂಟು. ಆದರೂ 2024ರಲ್ಲಿ ವಾಹನ ಚಾಲಕರ ಸೇವಾಸಂಸ್ಥೆಯಾದ ಆರ್.ಎ.ಸಿ. ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 89 ಚಾಲಕರು, ಎದುರಿನ ಹೆಡ್‌ಲೈಟುಗಳಲ್ಲಿ ಕೆಲವಾದರೂ ಅತಿ ಪ್ರಖರವಾಗಿವೆ ಎಂದರು. ಕಾನೂನು ಇದ್ದೂ ಹೀಗೇಕೆ?

ಉತ್ತರದ ಒಂದು ಭಾಗ ದರ್ಪಣದಲ್ಲಿದೆ. ಹಳೆಯ ಮಾದರಿಯ ಹೆಡ್‌ಲೈಟಿನ ಪರವಲಯ ದರ್ಪಣವನ್ನು ಹ್ಯಾಲೊಜನ್ ಬಲ್ಬಿನ ಸಣ್ಣ ತಂತುವಿಗೆಂದೇ ರೂಪಿಸಿರುತ್ತಾರೆ. ಅದರಲ್ಲಿ ಎಲ್.ಇ.ಡಿ. ಬಲ್ಬು ಹಾಕಿದರೆ ಬೆಳಕಿನ ಆಕರದ ಸ್ಥಾನವೂ ಆಕಾರವೂ ಬದಲಾಗುತ್ತವೆ. ಲೆಕ್ಕ ಸುಲಭ. ದರ್ಪಣದ ಸಂಗಮದೂರ 25 ಮಿ.ಮೀ. ಎಂದಿಟ್ಟುಕೊಳ್ಳಿ. ಆಕರವು ಅಕ್ಷದಿಂದ ಒಂದೇ ಮಿ.ಮೀ. ಕೆಳಕ್ಕೆ ಸರಿದರೆ ಕಿರಣ 1/25 ಭಾಗ, ಅಂದರೆ ಶೇ. 4ರಷ್ಟು ಮೇಲಕ್ಕೆ ವಾಲುತ್ತದೆ. ಡಿಪ್ ಮಾಡಿದ ಬೆಳಕು ಸುಮಾರು ಶೇ. 1ರಷ್ಟು ಕೆಳಮುಖವಾಗಿರಬೇಕು, 50 ಮೀಟರಿಗೆ ಅರ್ಧ ಮೀಟರ್ ಇಳಿತ. ಈಗ ಅದೇ ದೂರದಲ್ಲಿ ಒಂದಷ್ಟು ಬೆಳಕು ಒಂದೂವರೆ ಮೀಟರ್ ಮೇಲೇರಿ, ಎದುರು ಬರುವವರ ಕಣ್ಣಿನ ಮಟ್ಟವನ್ನೂ ದಾಟುತ್ತದೆ. ಆ ಬೆಳಕು ಕಣ್ಣಿನ ಮಸೂರದಲ್ಲಿ ಚದರಿ, ನೋಟದ ಮೇಲೆ ಮಬ್ಬು ತೆರೆ ಎಳೆಯುತ್ತದೆ. ವಯಸ್ಸಾದವರಲ್ಲಿ ಈ ಚದರಿಕೆ ಹೆಚ್ಚು. ರಸ್ತೆಯಂಚಿನಲ್ಲಿ ನಡೆಯುವವರು ಕಾಣದೆ ಹೋಗುವುದು ಆಗಲೇ.

ಮಾರ್ಪಾಡು ಬಲ್ಬಿನದೇ ಆಗಬೇಕೆಂದಿಲ್ಲ. ಎರಡೂವರೆ ಮೀಟರ್ ಗಾಲಿಯಂತರದ ಕಾರಿನ ಹಿಂಭಾಗವನ್ನು ಮಾತ್ರ ಎರಡೂವರೆ ಸೆಂ.ಮೀ. ತಗ್ಗಿಸಿದರೂ ಶೇ. 1ರ ಆ ಇಳಿತ ಪೂರ್ತಿ ಅಳಿಸಿಹೋಗುತ್ತದೆ. ಕಾನೂನು ರೂಪಿಸಿದವರಿಗೆ ಇದು ತಿಳಿಯದ್ದಲ್ಲ. 2,000 ಲ್ಯುಮೆನ್ ಮೀರಿದ ಆಕರಗಳಿಗೆ ತಾನಾಗಿ ಮಟ್ಟ ಸರಿಪಡಿಸಿಕೊಳ್ಳುವ ಏರ್ಪಾಡು ಬೇಕೆಂದು ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 48ನೆಯ ವಿನಿಯಮ ವಿಧಿಸಿತು. ಹ್ಯಾಲೊಜನ್ ದೀಪಕ್ಕೆ ಎಲ್.ಇ.ಡಿ. ಬಲ್ಬು ಹಾಕಿದ ಕಾರನ್ನು ಎಂ.ಒ.ಟಿ.ಯಲ್ಲಿ ಅನುತ್ತೀರ್ಣಗೊಳಿಸಬೇಕೆಂಬ ಸೂಚನೆಯೂ ಇದೆ.

ನನ್ನ ಆಕ್ಷೇಪ ಜಾರಿಯ ಬಗ್ಗೆ. ತಪಾಸಣೆ ವರ್ಷಕ್ಕೊಂದು ದಿನ; ಬಲ್ಬು ಬದಲಿಸಲು ಕೆಲವು ನಿಮಿಷ ಸಾಕು. ತಪಾಸಣೆಯ ಹಿಂದಿನ ದಿನ ಹಳೆಯದನ್ನು ಹಾಕಿ, ಮರುದಿನ ತೆಗೆದರೆ ಕೇಳುವವರಾರು? ‘ರಸ್ತೆಯಾಚೆಯ ಬಳಕೆಗೆ ಮಾತ್ರ’ ಎಂಬ ಸಾಲು ಮುದ್ರಿಸಿ ಇಂಥ ಬಲ್ಬುಗಳನ್ನು ಮಾರುತ್ತಾರೆ. ರಸ್ತೆಯಲ್ಲಿ ಹಿಡಿಯಬೇಕಾದ ಪೊಲೀಸರ ಸ್ಥಿತಿಯೂ ಚೆನ್ನಾಗಿಲ್ಲ. ಕೆಲವು ಪೊಲೀಸ್ ಪಡೆಗಳಲ್ಲಿ ರಸ್ತೆ ಕಾವಲು ಸಾಲದು ಎಂದು ಅಲ್ಲಿನ ಪೊಲೀಸ್ ಪರಿವೀಕ್ಷಣಾಲಯವೇ 2020ರ ವರದಿಯಲ್ಲಿ ಹೇಳಿತು. ಇನ್ನು, ‘ಅತಿಯಾಗಿ ಕೋರೈಸುವುದು’ ಎಂದರೆ ಎಷ್ಟು ಲಕ್ಸ್, ಎಷ್ಟು ದೂರದಲ್ಲಿ? 27ನೆಯ ನಿಯಮದಲ್ಲಿ ಸಂಖ್ಯೆಯೇ ಇಲ್ಲ. ಅಳತೆಯಿಲ್ಲದ ಅಪರಾಧವನ್ನು ಕತ್ತಲಲ್ಲಿ ಸಾಬೀತು ಮಾಡುವುದು ಕಷ್ಟ.

ಎಲ್ಲ ದೋಷವೂ ಮಾರ್ಪಾಡಿನದಲ್ಲ, ನಿಜ. ಕಾರ್ಖಾನೆಯಿಂದಲೇ ಬರುವ ಬಿಳಿ ಎಲ್.ಇ.ಡಿ. ದೀಪಗಳೂ ಎತ್ತರದ ಕಾರುಗಳೂ ದೂರಿಗೆ ಕಾರಣವಾಗಿವೆ. ಆದರೆ ಅವನ್ನು ತಿದ್ದಲು ಹೊಸ ನಿಯಮ ಬೇಕು. ಅಕ್ರಮ ಬಲ್ಬನ್ನು ತಡೆಯಲು ಇರುವ ನಿಯಮವೇ ಸಾಕು. ಮಾರಾಟದ ಹಂತದಲ್ಲೇ ತಡೆದು, ರಾತ್ರಿ ರಸ್ತೆಬದಿಯಲ್ಲೇ ಕಿರಣದ ಇಳಿತವನ್ನು ಅಳೆದರೆ ಅರ್ಧ ಕೆಲಸ ಮುಗಿದಂತೆ.

ಅಧ್ಯಾಪಕರು ಇದನ್ನು ತರಗತಿಯಲ್ಲೇ ತೋರಿಸಬಹುದು. 20 ಸೆಂ.ಮೀ. ಸಂಗಮದೂರದ ನಿಮ್ನ ದರ್ಪಣದ ಸಂಗಮಬಿಂದುವಿನಲ್ಲಿ ಟಾರ್ಚಿನ ಬಲ್ಬು ಇಟ್ಟು, ಮೂರು ಮೀಟರ್ ದೂರದ ಗೋಡೆಯ ಮೇಲೆ ಬೆಳಕು ಬೀಳಿಸಿ. ಬಲ್ಬನ್ನು ಒಂದು ಸೆಂ.ಮೀ. ಕೆಳಗಿಳಿಸಿ. ಗೋಡೆಯ ಮೇಲಿನ ಬೆಳಕು ಎಷ್ಟು ಮೇಲೇರಿತೆಂದು ವಿದ್ಯಾರ್ಥಿಗಳೇ ಅಳೆಯಲಿ. ಲೆಕ್ಕದ ಪ್ರಕಾರ 15 ಸೆಂ.ಮೀ. ಬರಬೇಕು.