ಪಾವಗಡದ ಬಿಸಿಲಿಗೆ ಬಾಡಿಗೆ ಯಾರಿಗೆ?

ಉದ್ಯಮ ಬರುತ್ತದೆಂದರೆ ಜಮೀನು ಹೋಯಿತೆಂದೇ ರೈತರು ತಿಳಿಯುವ ಕಾಲದಲ್ಲಿ ಪಾವಗಡದ ಸೌರ ಪಾರ್ಕ್ ಬೇರೆ ದಾರಿ ಹಿಡಿಯಿತು. ತಿರುಮಣಿ, ವಳ್ಳೂರು, ರಾಯಚೆರ್ಲು ಸೇರಿ ಐದು ಊರುಗಳ ಸುಮಾರು 13,000 ಎಕರೆಯನ್ನು ಸರ್ಕಾರಿ ಸಂಸ್ಥೆ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. 2018ರಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ಪೂರ್ಣಗೊಂಡಿತು. ಪಹಣಿಯಲ್ಲಿ ರೈತನ ಹೆಸರು ಅಳಿಯಲಿಲ್ಲ.

ಈ ಏರ್ಪಾಟನ್ನು ಸುಮ್ಮನೆ ಹಳಿಯುವಂತಿಲ್ಲ. ಮಳೆ ನಂಬಿ ಕಡಲೆಕಾಯಿ ಬಿತ್ತಿ, ಬೀಜದ ದುಡ್ಡೂ ಹುಟ್ಟದ ವರ್ಷಗಳನ್ನು ಕಂಡವರಿಗೆ ಬರಗಾಲದಲ್ಲೂ ತಪ್ಪದೆ ಬರುವ ಹಣ ಸಣ್ಣದಲ್ಲ. ಕೊಳವೆಬಾವಿಯ ಮೇಲೆ ಜೂಜಾಡುವುದೂ ತಪ್ಪಿತು. ಆದರೆ ಎರಡು ವರ್ಷಕ್ಕೆ ಶೇ. 5 ಎಂದರೆ ವರ್ಷಕ್ಕೆ ಎರಡೂವರೆಯಷ್ಟೇ. ಅಕ್ಕಿ, ಬೇಳೆ, ಔಷಧಿಯ ಬೆಲೆ ಆ ನಿಧಾನದಲ್ಲಿ ಏರುವುದಿಲ್ಲ. ಗುತ್ತಿಗೆಯೋ ದಶಕಗಳದ್ದು. ಇಂದಿನ ಆಸರೆ ಮಕ್ಕಳ ಕಾಲಕ್ಕೆ ಪುಡಿಗಾಸಾದೀತು.

ಇದಕ್ಕಿಂತ ದೊಡ್ಡ ಕೊರತೆ ಎಕರೆಯನ್ನೇ ಅಳತೆಗೋಲು ಮಾಡಿಕೊಂಡದ್ದರಲ್ಲಿದೆ. ಹೊಲವೊಂದನ್ನು ನೆಚ್ಚಿದವನು ಪಹಣಿದಾರನೊಬ್ಬನೇ ಅಲ್ಲ. ಕಳೆ ಕೀಳುವ, ಕಾಯಿ ಬಿಡಿಸುವ ಹೆಂಗಸರು, ವಾರಕ್ಕೆ ಉಳುವವರು, ಕೊಯ್ಲಾದ ಹೊಲದಲ್ಲಿ ಕುರಿ ಬಿಡುವವರು ಎಲ್ಲರಿಗೂ ಅದರಲ್ಲಿ ಪಾಲಿತ್ತು, ಕಾಗದ ಮಾತ್ರ ಇರಲಿಲ್ಲ. ಹತ್ತು ಎಕರೆಯವನಿಗೆ ವರ್ಷಕ್ಕೆ ಎರಡು ಲಕ್ಷ ದಾಟಿತು. ಅವನ ಹೊಲದಲ್ಲಿ ದುಡಿದವಳ ಕೂಲಿ ನಿಂತಿತು. ಕಟ್ಟುವಾಗ ಕೆಲಸ ಸಿಕ್ಕಿತು, ನಿಜ. ಫಲಕ ಕೂತ ಮೇಲೆ ಉಳಿಯುವುದು ಕಾವಲು, ಹುಲ್ಲು ಕತ್ತರಿಸುವುದು, ಧೂಳು ಒರೆಸುವುದು. ಒರೆಸುವುದಕ್ಕೂ ಈಗ ಯಂತ್ರಗಳಿವೆ. ಬೇಸಾಯ ಬೇಡುವಷ್ಟು ಕೈಗಳನ್ನು ಸೌರವಿದ್ಯುತ್ ಬೇಡುವುದೇ ಇಲ್ಲ. ಇದು ತಂತ್ರಜ್ಞಾನದ ಗುಣ, ಯಾರ ಕೇಡಿಗತನವೂ ಅಲ್ಲ. ಇದು ಮೊದಲೇ ಗೊತ್ತಿದ್ದ ಗುಣವಾದ್ದರಿಂದಲೇ ಒಪ್ಪಂದದಲ್ಲಿ ಭೂಹೀನರಿಗೊಂದು ಪಾಲು ಇಡದೆ ಹೋದದ್ದು ಮರೆವು ಅನ್ನಿಸುವುದಿಲ್ಲ.

ಜಮೀನು ಮಾರಾಟವಾಗದಂತೆ ಉಳಿಸಿದ ಜಾಣತನ ಪಾರ್ಕಿನ ಸುತ್ತ ಹಾಕಿದ ಬೇಲಿಯ ವಿಷಯದಲ್ಲಿ ಎಲ್ಲಿ ಹೋಯಿತೋ. ಅಮೆರಿಕದ ಎಷ್ಟೋ ಸೌರ ಕ್ಷೇತ್ರಗಳಲ್ಲಿ ಫಲಕದಡಿಯ ಹುಲ್ಲು ಮೇಯಿಸಲು ಕಂಪನಿಗಳೇ ಹಣ ಕೊಟ್ಟು ಕುರಿಮಂದೆ ಕರೆಸುತ್ತವೆ. ಪಾವಗಡದಲ್ಲಿ ಕುರಿಯೂ ಇತ್ತು, ಕುರಿಗಾಹಿಯೂ ಇದ್ದ. ಇಬ್ಬರನ್ನೂ ಬೇಲಿಯಾಚೆ ನಿಲ್ಲಿಸಿ, ಒಳಗಿನ ಹುಲ್ಲು ಕತ್ತರಿಸಲು ಕೂಲಿ ಲೆಕ್ಕ ಬರೆಯುತ್ತಿದ್ದೇವೆ.