ಎಳೆಯದೋ, ಹಳೆಯದೋ: ಓರ್ವಾಲ್ ಬಿಯರಿನ ರುಚಿ

ಒಂದೇ ಹೆಸರು, ಒಂದೇ ಲೇಬಲ್ಲು, ಆದರೆ ಈ ಬಾಟಲಿಯ ರುಚಿ ಆ ಬಾಟಲಿಗಿಲ್ಲ ಎಂದರೆ ಯಾವ ಬಿಯರ್ ಕಂಪನಿಗೂ ಅದು ದೂರು. ಬೆಲ್ಜಿಯಂನ ಓರ್ವಾಲ್‌ಗೆ ಮಾತ್ರ ಅದೇ ಹೆಗ್ಗಳಿಕೆ. ಬೆಲ್ಜಿಯನ್ ಪೇಲ್ ಏಲ್ ಎಂದರೆ ಹೆಚ್ಚಿನವರು ನೆನೆಯುವುದು ಆಂಟ್‌ವರ್ಪ್ ನಗರದ ಡಿ ಕೋನಿಂಕ್ ಅನ್ನು. ಬಿಸ್ಕತ್ತಿನ ಘಮ, ಹದವಾದ ಕಹಿ, ಯಾರನ್ನೂ ಬೆಚ್ಚಿಬೀಳಿಸದ ಸ್ವಭಾವ. ಓರ್ವಾಲ್ ಬಣ್ಣದಲ್ಲಿ ಅದರ ದಾಯಾದಿ, ಗುಣದಲ್ಲಿ ಅಲ್ಲ.

ಫ್ರಾನ್ಸ್ ಗಡಿಯ ಹತ್ತಿರ ಗೋಮ್ ಸೀಮೆಯಲ್ಲಿರುವ ಓರ್ವಾಲ್ ಟ್ರ್ಯಾಪಿಸ್ಟ್ ಸನ್ಯಾಸಿಗಳ ಮಠ. 1793ರಲ್ಲಿ ಫ್ರೆಂಚ್ ಕ್ರಾಂತಿಯ ಸೈನ್ಯ ಇದನ್ನು ಸುಟ್ಟುಹಾಕಿತು. 1926ರಲ್ಲಿ ಮತ್ತೆ ಕಟ್ಟತೊಡಗಿದವರಿಗೆ ಹಣ ಸಾಲದೆ 1931ರಲ್ಲಿ ಬ್ರೂವರಿ ಶುರುವಾಯಿತು. ಮೊದಲ ಬ್ರೂಮಾಸ್ಟರ್ ಪಾಪನ್‌ಹೈಮರ್ ಜರ್ಮನಿಯವನು. ಜೊತೆಗಿದ್ದ ವಾನ್‌ಹ್ಯೂಲೆ ಇಂಗ್ಲೆಂಡಿನಲ್ಲಿ ಕೆಲಸ ಕಲಿತು ಬಂದಿದ್ದವನು. ಕುದಿಸುವಾಗ ಹಾಕುವ ಹಾಪ್ಸ್ ಸಾಲದೆಂದು, ಹುದುಗಿ ತಣ್ಣಗಾದ ಬಿಯರಿಗೂ ಮತ್ತೊಮ್ಮೆ ಹಾಪ್ಸ್ ಹಾಕಿ ವಾರಗಟ್ಟಲೆ ಬಿಡುವ ಡ್ರೈ ಹಾಪಿಂಗ್ ಇಲ್ಲಿಗೆ ಬಂದದ್ದು ಹಾಗೆ. ಮಠದ ನಕ್ಷೆ ಬರೆದ ವಾಸ್ತುಶಿಲ್ಪಿ ಆನ್ರಿ ವಾಸ್ ಅವರೇ ಈ ಬಿಯರ್ ಕುಡಿಯುವ ಅಗಲ ಬಾಯಿಯ ಗ್ಲಾಸನ್ನೂ ರೂಪಿಸಿದರು. ಮಠ ಮಾರುಕಟ್ಟೆಗೆ ಕಳಿಸುವ ಬಿಯರ್ ಇದೊಂದೇ. ನೂರು ಬಗೆ ಮಾಡಿ ಒಂದನ್ನಾದರೂ ಗೆಲ್ಲಿಸುವ ಇಂದಿನ ಕ್ರಾಫ್ಟ್ ಬ್ರೂವರಿಗಳ ಹಾದಿಗೆ ಇದು ಪೂರ್ತಿ ತಿರುವುಮುರುವು.

ಬಾಟಲಿಗೆ ತುಂಬುವಾಗ ಸೇರುವ ಬ್ರೆಟ್ಟನೊಮೈಸಿಸ್ (ಚಿಕ್ಕದಾಗಿ ಬ್ರೆಟ್) ಎಂಬ ಈಸ್ಟಿನಲ್ಲಿದೆ ಓರ್ವಾಲ್ ರುಚಿ ಬದಲಾಗುವ ಗುಟ್ಟು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ 1904ರಲ್ಲಿ ಇದನ್ನು ಇಂಗ್ಲಿಷ್ ಬಿಯರಿನಲ್ಲಿ ಗುರುತಿಸಿದ್ದರು. ದ್ರಾಕ್ಷಾರಸದವರಿಗೆ ಇದು ಪೀಪಾಯಿ ಕೆಡಿಸುವ ಕಳ್ಳ. ಹೆಚ್ಚಿನ ಬ್ರೂವರಿಗಳಲ್ಲೂ ಇದನ್ನು ಒಳಗೆ ಬಿಡದ ಕಟ್ಟುನಿಟ್ಟು. ಸಾಮಾನ್ಯ ಈಸ್ಟ್ ತಿನ್ನಲಾರದೆ ಬಿಟ್ಟ ಸಕ್ಕರೆಯನ್ನು ಇದು ತಿಂಗಳುಗಟ್ಟಲೆ ನಿಧಾನವಾಗಿ ತಿನ್ನುತ್ತಾ ಹೋಗುತ್ತದೆ. ಸಿಹಿ ಇಳಿಯುತ್ತದೆ, ಗ್ಯಾಸು ಏರುತ್ತದೆ, ಲೇಬಲ್ಲಿನಲ್ಲಿ ಶೇ. 6.2 ಎಂದಿರುವ ಆಲ್ಕೋಹಾಲ್ ಕೂಡ ತುಸು ಹೆಚ್ಚುತ್ತದೆ. ಹಾಗಾಗಿ ಅಂಗಡಿಯಿಂದ ತಂದ ಬಾಟಲಿ ಮುಗಿದ ಸರಕಲ್ಲ. ಇನ್ನೂ ಕೆಲಸ ನಡೆಯುತ್ತಲೇ ಇರುವ ಸರಕು.

ಎಳೆಯ ಬಾಟಲಿಯನ್ನು ಮೊದಲು ನೋಡೋಣ. ಗ್ಲಾಸು ಓರೆ ಮಾಡಿ ಸುರಿದರೂ ಬಿಳಿ ನೊರೆ ಬಾಯಿಯವರೆಗೆ ಬಂದು ನಿಲ್ಲುತ್ತದೆ; ಇಳಿಯುವಾಗ ಗಾಜಿನ ಮೇಲೆ ಬಲೆಯಂತೆ ಅಂಟಿಕೊಳ್ಳುತ್ತದೆ. ಕೆಳಗೆ ತುಸು ಮಸುಕಾದ ಕಿತ್ತಳೆ ಬಣ್ಣ. ಮೂಗಿಗೆ ಮೊದಲು ಬರುವುದು ಹಾಪ್ಸ್: ಕಿತ್ತಳೆ ಸಿಪ್ಪೆ, ಹಸಿ ಸೊಪ್ಪು, ಸ್ವಲ್ಪ ಕಾಳುಮೆಣಸು. ನಾಲಗೆಯ ಮೇಲೆ ಮಾಲ್ಟಿನ ಸಿಹಿ ಒಂದು ಗಳಿಗೆ ಇದ್ದು, ಹಿಂದೆಯೇ ನೇರವಾದ ಕಹಿ ಬಂದು ಗಂಟಲಲ್ಲಿ ನಿಲ್ಲುತ್ತದೆ. ಚೆನ್ನಾಗಿದೆ, ಆದರೆ ಕಹಿ ಒಂದು ಕಡೆ, ಸಿಹಿ ಒಂದು ಕಡೆ ನಿಂತು ಇನ್ನೂ ಮಾತು ಬೆರೆತಿಲ್ಲ ಎನಿಸುತ್ತದೆ.

ವರ್ಷಕ್ಕೆ ಹತ್ತಿರವಾದ ಬಾಟಲಿಯಲ್ಲಿ ಹಾಪ್ಸಿನ ಸದ್ದು ಅರ್ಧ ಇಳಿದಿರುತ್ತದೆ. ಆ ಜಾಗಕ್ಕೆ ಒಣಹುಲ್ಲು, ಹದ ಮಾಡಿದ ಚರ್ಮ, ದನದ ಕೊಟ್ಟಿಗೆಯ ದೂರದ ವಾಸನೆ ಬಂದಿರುತ್ತದೆ. ಕಾಗದದ ಮೇಲೆ ಓದಿದರೆ ಮುಖ ಸಿಂಡರಿಸುವಂಥದ್ದು. ಬಾಯಲ್ಲಿ ಮಾತ್ರ ಹಿತ. ಸಿಹಿ ಪೂರ್ತಿ ಕರಗಿ, ಕಹಿ ಮೊಂಡಾಗಿ, ಕೊನೆಯಲ್ಲಿ ಒಂದು ಎಳೆ ಒಗರು. ಮುಂದಿನ ಗುಟುಕಿಗೆ ಅದೇ ಕರೆಯುತ್ತದೆ. ನನ್ನ ಮಟ್ಟಿಗೆ ಓರ್ವಾಲ್ ಎಂದರೆ ಈ ಹಂತ: ಹಾಪ್ಸ್ ಇನ್ನೂ ಹೋಗಿಲ್ಲ, ಬ್ರೆಟ್ ಆಗಲೇ ಬಂದಿದೆ.

ಹಳೆಯದಾದಷ್ಟೂ ಒಳ್ಳೆಯದು ಎಂಬ ಅಭಿಮಾನಿಗಳ ಮಾತನ್ನು ನಾನು ಒಪ್ಪಲಾರೆ. ಮಠವೇನೋ ಐದು ವರ್ಷದ ಅವಧಿ ಕೊಟ್ಟಿದೆ. ಆದರೆ ಭರಣಿಯಲ್ಲಿಟ್ಟ ಉಪ್ಪಿನಕಾಯಿಗೂ ಒಂದು ಹದವಿದೆ. ಅದು ದಾಟಿದರೆ ಹೋಳು ಮೆತ್ತಗಾಗಿ ಮಸಾಲೆ ಮಾತ್ರ ಉಳಿಯುತ್ತದೆ. ಮೂರ್ನಾಲ್ಕು ವರ್ಷದ ಓರ್ವಾಲ್‌ನಲ್ಲೂ ಹಾಗೇ: ಬ್ರೆಟ್ ಒಂದೇ ಹಾಡು ಹಾಡುತ್ತಿರುತ್ತದೆ, ವಾನ್‌ಹ್ಯೂಲೆ ತಂದ ಹಾಪ್ಸಿನ ಸುಳಿವಿರುವುದಿಲ್ಲ. ಅಪರೂಪದ ವಸ್ತು ಎಂಬ ಮರ್ಯಾದೆಯನ್ನು ರುಚಿ ಎಂದು ತಿಳಿಯಬಾರದು.

ಈ ಮಠದ ಬಿಯರನ್ನು ಮಾದರಿಯಾಗಿ ಇಟ್ಟುಕೊಂಡವರಲ್ಲಿ ಶಿಕಾಗೋದ ಗೂಸ್ ಐಲೆಂಡ್ ಹೆಸರುವಾಸಿ. ಅವರ ಬೆಲ್ಜಿಯನ್ ಶೈಲಿಯ ಪೇಲ್ ಏಲ್ ಮಟಿಲ್ಡಾಗೆ ಹೆಸರು ಬಂದದ್ದೂ ಓರ್ವಾಲ್ ಕಥೆಯಿಂದಲೇ: ಕೊಳದಲ್ಲಿ ಬಿದ್ದ ಮದುವೆಯುಂಗುರವನ್ನು ಮೀನೊಂದು ಮರಳಿಸಿತು ಎನ್ನುವ ಟಸ್ಕನಿಯ ಮಟಿಲ್ಡಾಳ ಕಥೆ. ಉಂಗುರ ಕಚ್ಚಿದ ಆ ಮೀನು ಓರ್ವಾಲ್ ಲೇಬಲ್ಲಿನಲ್ಲೂ ಇದೆ. ಮಟಿಲ್ಡಾ ಮಾಲ್ಟಿನ ಕಡೆಗೆ ವಾಲಿದ, ದುಂಡಗಿನ ಬಿಯರ್; ಓರ್ವಾಲ್‌ನ ಮೂಳೆ ಅದಕ್ಕಿಲ್ಲ.

ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಬೆಲ್ಜಿಯನ್ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿದ ಗೋಧಿ ಬಿಯರ್ ವಿಟ್. ಟ್ಯಾಂಕಿನಿಂದ ನೇರ ಗ್ಲಾಸಿಗೆ ಬರುವ ಈ ಬಿಯರಿಗೆ ತಾಜಾತನವೇ ಬಂಡವಾಳ; ಕಾಯುವ ರುಚಿಯ ಪರಿಚಯ ಅದರಿಂದ ಆಗದು. ಹೊರದೇಶದಿಂದ ಬಂದ ಗೆಳೆಯರ ಚೀಲದಲ್ಲಿ ಓರ್ವಾಲ್ ಸಿಕ್ಕರೆ ಮೊದಲು ಬಾಟಲಿಗೆ ತುಂಬಿದ ದಿನಾಂಕ ನೋಡಿ. ಎಳೆಯದಾದರೆ ಬಿಸಿಲು ತಾಗದ ತಣ್ಣನೆಯ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ಕೆಲವು ತಿಂಗಳು ಬಿಡಿ. ಕುಡಿಯುವ ದಿನ ಫ್ರಿಜ್ಜಿನ ಕೊರೆತ ಬೇಡ, 12 ಡಿಗ್ರಿಯ ಆಸುಪಾಸು ಸಾಕು. ತಳದ ಗಸಿಯನ್ನು ಬಾಟಲಿಯಲ್ಲೇ ಉಳಿಸಿ. ಮೊದಲ ಗುಟುಕಿಗೆ ಇಷ್ಟವಾಗದಿದ್ದರೆ ಅಚ್ಚರಿಯಿಲ್ಲ. ಅರ್ಧ ಗ್ಲಾಸು ಮುಗಿಯುವ ತನಕ ಮಾತ್ರ ತೀರ್ಪು ಕೊಡಬೇಡಿ.